ಹನ್ನೊಂದು ವರ್ಷದ ಒಂದೇ ದಿನ

ಸೆತೂಬಲ್ ಬಂದರು ಓಣಿಯ ಬಿಲ್ಲೆ ಕಾರ್ಖಾನೆಯಿಂದ
ಮೀನಿನ ಐಸ್ ಪೆಟ್ಟಿಗೆಯಲ್ಲಿಟ್ಟು ತಂದರು ಅದನ್ನು,
ಬೇರೆ ಪೆಟ್ಟಿಗೆ ಸಿಗಲಿಲ್ಲವಂತೆ.
ಕಂಪ್ಯೂಟರು. ಮೈತುಂಬ ನೀಲಿ ಧೂಳು,
ಫ್ಯಾನಿನ ರೆಕ್ಕೆಗೆ ಮೆತ್ತಿದ ಜೇಡಿ.
ರಸೀದಿಗೆ ಸಹಿ ಹಾಕಿದೆ: ಹತ್ತು ಗಂಟೆ ಇಪ್ಪತ್ತು ನಿಮಿಷ,
ಮೊಹರು ಒಡೆದಿಲ್ಲ, ವಾಸನೆ ಸಾರ್ಡೀನಿನದು.
ವಾಸನೆಗೆ ಕಾಲಂ ಇರಲಿಲ್ಲ. ಅಂಚಿನಲ್ಲಿ ಬರೆದೆ.

ವ್ಯಾಜ್ಯ ಸಣ್ಣದು. ಒಂದು ಬಿಲ್ಲೆ, ಅದರ ಮೇಲೆ
ಬಾಲ ತಿರುವಿದ ಹಾವುಮೀನು;
ನಾಲ್ಕು ಜೋಡಿಸಿದರೆ ಕೊನೆಯಿಲ್ಲದ ಸುಳಿ.
ಲಿಸ್ಬನ್ನಿನ ಹೊಸ ಮೆಟ್ರೋ ನಿಲ್ದಾಣದ ಗೋಡೆಗೆಲ್ಲ ಅದೇ ಬೇಕಂತೆ.
ನಾನು ಬರೆದದ್ದು, ಅನ್ನುತ್ತಾನೆ ಯಜಮಾನ ಬಲ್ತಝಾರ್ ಕಿಂತೇಲ.
ನಾನು, ಅನ್ನುತ್ತಾಳೆ ಕೆಲಸ ಬಿಟ್ಟುಹೋದ
ವಿನ್ಯಾಸಗಾರ್ತಿ ಲಿಯೊನಿಲ್ದ ಫ್ರಜಾಂವ್.
ನ್ಯಾಯಾಲಯ ನನಗೆ ಕೊಟ್ಟದ್ದು ಮೂರು ಪ್ರಶ್ನೆ:
ಯಾವಾಗ? ತಿದ್ದಿದ್ದಾರೆಯೆ? ಇಬ್ಬರಲ್ಲಿ ಯಾರು?

ಮೊದಲು ಡಿಸ್ಕಿನ ಪಡಿಯಚ್ಚು.
ನಡುವೆ ಒಂದು ಪುಟ್ಟ ಡಬ್ಬಿ: ಓದಲು ಬಿಡುತ್ತದೆ,
ಒಂದಕ್ಷರ ಬರೆಯಲು ಬಿಡುವುದಿಲ್ಲ.
ನನ್ನ ನಾದಿನಿಗೊಂದು ಕೊಡಿಸಬೇಕೆಂದಿದ್ದೇನೆ.
ರಾತ್ರಿಯಿಡೀ ನಕಲಾಯಿತು. ಬೆಳಿಗ್ಗೆ ಹ್ಯಾಶ್ ತಾಳೆ ನೋಡಿದೆ:
ಅರವತ್ತನಾಲ್ಕು ಅಕ್ಷರ, ಮೂಲದ್ದೂ ನಕಲಿನದೂ ಒಂದೇ.
ಎಲ್ಲೋ ಒಂದು ಅಲ್ಪವಿರಾಮ ಕದಲಿದ್ದರೂ
ಅಷ್ಟೂ ಚೆಲ್ಲಾಪಿಲ್ಲಿ.

ಆಮೇಲೆ ಗಡಿಯಾರ ನೋಡಿದೆ. ನಕ್ಕೆ.
ಬೋರ್ಡಿನ ಗುಂಡು ಬ್ಯಾಟರಿ ಯಾವತ್ತೋ ಸತ್ತಿದೆ.
ಇಂಟರ್ನೆಟ್ ಕಂಡ ಯಂತ್ರವಲ್ಲ. ಸಂಜೆ ಆರಿಸಿ
ಬೆಳಿಗ್ಗೆ ಹಚ್ಚಿದಾಗಲೆಲ್ಲ ಅದಕ್ಕೆ
ಎರಡು ಸಾವಿರದ ಎರಡು, ಜನವರಿ ಒಂದು, ನಡುರಾತ್ರಿ.
ಹನ್ನೊಂದು ವರ್ಷ ದುಡಿದು
ಒಂದೇ ದಿನ ಬದುಕಿದೆ, ಪಾಪ.
ಬಿಲ್ಲು, ಬಾಡಿಗೆ ಪತ್ರ, ಮಗಳ ಮದುವೆ ಊಟದ ಪಟ್ಟಿ,
ಹಾವುಮೀನು, ಎಲ್ಲ ಅದೇ ಹೊಸವರ್ಷದ ದಿನ.
ಎರಡೂ ಕಡೆಯ ವಕೀಲರು
ಆ ತಾರೀಖಿಗೇ ಜೋತುಬಿದ್ದಿದ್ದಾರೆ.

ಹೊತ್ತು ಮರೆತ ಯಂತ್ರ ಸರದಿ ಮರೆತಿರಲಿಲ್ಲ.
ರೊಟ್ಟಿಯಂಗಡಿಯಲ್ಲಿ ನಂಬರಿನ ಚೀಟಿ ಹಿಡಿದು ನಿಂತ ಹಾಗೆ
ಲಾಗಿನ ಸಾಲುಗಳು, ಒಂದರ ಬೆನ್ನಿಗೊಂದು.
ಹಿಂದಕ್ಕೆ ನಡೆದೆ.
ಲಿಯೊನಿಲ್ದಳ ಕಡತಕ್ಕಿಂತ ಮೊದಲು ಕಿಂತೇಲನದು ಇಲ್ಲ.
ಸರಿ, ಮುಗಿಯಿತು ಎಂದು ಕಾಫಿಗೆ ಎದ್ದವಳು
ಮತ್ತೆ ಕೂತೆ.
ಅವಳಿಗಿಂತ ಇನ್ನೂರು ಚೀಟಿ ಮುಂಚೆ
ಅಳಿಸಿಹಾಕಿದ ಕಡತ. ಕಡತ ಹೋಗಿದೆ,
ಹೆಬ್ಬೆಟ್ಟಿನಗಲದ ಅದರ ಚಿತ್ರ ಉಳಿದಿದೆ:
ಸಿಮೆಂಟು ಚೀಲದ ಕಾಗದ, ಇದ್ದಿಲ ಗೆರೆ,
ಅದೇ ಹಾವುಮೀನು, ಬಾಲ ಇನ್ನೂ ಪಳಗಿಲ್ಲ.
ಸ್ಕ್ಯಾನು ಮಾಡಿದ್ದು ‘ಆವಿಗೆ ರಾತ್ರಿ’ ಎಂಬ ಖಾತೆ.

ಸಂಬಳ ಪಟ್ಟಿಯಲ್ಲಿ ರಾತ್ರಿ ಆವಿಗೆ ಕಾಯುವವನು
ಅದೇರಿತು ಸೆಮೇದು. ಕೇಪ್ ವರ್ಡಿಯವನು.
ಮೂರನೆಯ ವರ್ಷದ ಅಕ್ಟೋಬರಿಗೆ ಹೆಸರು ನಿಂತಿದೆ.
ವ್ಯಾಜ್ಯದ ನಾನ್ನೂರು ಪುಟದಲ್ಲಿ ಅವನಿಲ್ಲ.

ಇಬ್ಬರಲ್ಲಿ ಯಾರು ಎಂದು ಕೇಳಿದ್ದರು. ಉತ್ತರಿಸಿದೆ.
ಕೇಳದ್ದಕ್ಕೆ ಉತ್ತರ
ಅನುಬಂಧ ಎಂಟು, ಪುಟ ತೊಂಬತ್ತಮೂರು, ಐದು ಸಾಲು.
ಆ ಖಾತೆಯಲ್ಲಿ ಕೂತದ್ದು ಅವನೇ ಎನ್ನಲು
ಪುರಾವೆಯಿಲ್ಲ ಎಂದೂ ಬರೆದೆ, ಇರಲಿಲ್ಲವಾದ್ದರಿಂದ.
ಕೀಲಿ ಒತ್ತಿದ್ದನ್ನು ಯಂತ್ರ ಹೇಳುತ್ತದೆ;
ಬೆರಳಿಗೆ ಯಾವ ಬಣ್ಣ ಮೆತ್ತಿತ್ತೋ ಹೇಳುವುದಿಲ್ಲ.

ವಿಚಾರಣೆಗೆ ಎರಡು ದಿನವಿರುವಾಗ ರಾಜಿ.
ಅರ್ಧ ಅರ್ಧ. ತೊಂಬತ್ತಮೂರನೆಯ ಪುಟ ಓದದೆ ಒಪ್ಪಿದರೋ,
ಓದಿಯೇ ಒಪ್ಪಿದರೋ, ನನ್ನ ಉಪಕರಣಕ್ಕೆ ನಿಲುಕದು.
ನಕಲು ಅಳಿಸಿ ಪ್ರಮಾಣಪತ್ರ ಕಳಿಸಿ ಎಂದರು.
ಅಳಿಸಿದೆ, ಮೂರು ಸಲ ಸೊನ್ನೆ ತುಂಬಿ.
ಟಿಪ್ಪಣಿ ಪುಸ್ತಕದಲ್ಲಿ ಹ್ಯಾಶ್ ಇದೆ,
ಅರವತ್ತನಾಲ್ಕು ಅಕ್ಷರ,
ಹಾವುಮೀನಾಗಿ ಮರಳಿ ಬಿಚ್ಚಿಕೊಳ್ಳದ್ದು.

ನಿಲ್ದಾಣ ತೆರೆದ ವಾರ ಹೋಗಿ ನಿಂತೆ.
ಗೋಡೆಯುದ್ದಕ್ಕೂ ನೀಲಿ ಸುಳಿ, ಜನ ಅವಸರದಲ್ಲಿ.
ಕೊನೆಯ ಕಂಬದ ಹಿಂದೆ ಒಂದು ಬಿಲ್ಲೆ ತಲೆಕೆಳಗು;
ಅಲ್ಲೊಂದು ಕಡೆ ಬಾಲ ಬಾಲಕ್ಕೆ ಸಿಕ್ಕಿಲ್ಲ.
ಫೋಟೋ ತೆಗೆದುಕೊಂಡೆ.
ಫೋನು ತಾರೀಖು ಹಾಕಿತು. ಸರಿಯಾದದ್ದೇ.